ಹೋದ ಫ್ಯೂಸಿನ ತಪ್ಪೇನು?

ಮನೆಯಲ್ಲಿ ದೀಪ ಆರಿದಾಗ ನಾವು ಆಡುವ ಮಾತನ್ನು ಸ್ವಲ್ಪ ಗಮನಿಸಬೇಕು. "ಫ್ಯೂಸ್ ಹೋಯ್ತು" ಎನ್ನುತ್ತೇವೆ. ಹಾಳಾದದ್ದು ಫ್ಯೂಸು, ಸರಿಮಾಡಬೇಕಾದದ್ದೂ ಫ್ಯೂಸು ಎಂಬ ಧ್ವನಿ ಅದರಲ್ಲಿದೆ. "ದರಿದ್ರ ಫ್ಯೂಸು, ಹೊತ್ತಿಲ್ಲ ಗೊತ್ತಿಲ್ಲ, ಹೋಗ್ತಾನೇ ಇರುತ್ತೆ" ಎಂದು ಬೈಯುವವರನ್ನೂ ನೋಡಿದ್ದೇನೆ. ವಾಸ್ತವವಾಗಿ ಆ ಗಳಿಗೆಯಲ್ಲಿ ಇಡೀ ಮನೆಯಲ್ಲಿ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದು ಅದೊಂದೇ. ತಪ್ಪು ನಡೆದದ್ದು ಇನ್ನೆಲ್ಲೋ: ಇಸ್ತ್ರಿಪೆಟ್ಟಿಗೆಯ ವೈರು ಬಾಗಿ ಬಾಗಿ ಒಳಗೆ ಸವೆದಿರಬಹುದು, ಬಚ್ಚಲಿನ ಗೋಡೆಯ ಥಂಡಿ ಸ್ವಿಚ್ಚಿನೊಳಗೆ ಇಳಿದಿರಬಹುದು, ದೀಪಕ್ಕೆಂದು ಎಳೆದ ಸಣ್ಣ ವೈರಿಗೆ ಯಾರೋ ಹೀಟರು ಸಿಕ್ಕಿಸಿರಬಹುದು. ತಪ್ಪನ್ನು ಎಸಗಿದ್ದು ಒಂದು, ತಪ್ಪಾಗಿದೆ ಎಂದು ತಿಳಿಸಿದ್ದು ಇನ್ನೊಂದು. ಬೈಗಳು ಮಾತ್ರ ತಿಳಿಸಿದ್ದಕ್ಕೆ. ಇದು ಬರೀ ಮಾತಿನ ರೂಢಿಯೋ, ನಮ್ಮ ಮನಸ್ಸಿನ ರೂಢಿಯೂ ಹೌದೋ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಕನ್ನಡ ಮತ್ತು ಸಮಾಜ ನನ್ನ ವಿಷಯಗಳು. ಆದರೆ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಷಯ ಎನ್ನುವುದು ನೇಮಕದ ಕಾಗದದಲ್ಲಿ ಮಾತ್ರ ಇರುತ್ತದೆ. ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋಗಿ ಅವರ ಜಾಗ ಎರಡು ವರ್ಷ ಖಾಲಿ ಉಳಿದಾಗ ಏಳನೆಯ ತರಗತಿಯ ವಿದ್ಯುತ್ತಿನ ಪಾಠ ನನ್ನ ಪಾಲಿಗೆ ಬಂತು. ಪಾಠ ಮಾಡುವವಳು ಮಕ್ಕಳಿಗಿಂತ ಒಂದು ದಿನ ಮೊದಲಾದರೂ ಕಲಿತಿರಬೇಕಲ್ಲ! ಪುಸ್ತಕ ಓದಿದೆ. ಊರಿನಲ್ಲಿ ವೈರಿಂಗ್ ಮಾಡುವ ಹುಡುಗ ನನ್ನ ಹಳೆಯ ಶಿಷ್ಯ. ಅವನನ್ನು ಕೂರಿಸಿಕೊಂಡು ಕೇಳಿದೆ. "ಮೇಡಂ, ಈಗ ನಾನು ನಿಮ್ಮ ಹೋಂವರ್ಕ್ ನೋಡೋ ಹಾಗಾಯ್ತು" ಎಂದು ಅವನು ನಕ್ಕ. ಆ ಎರಡು ವರ್ಷಗಳಲ್ಲಿ ಕಲಿತದ್ದು ಈಗಲೂ ನನ್ನ ಜೊತೆಗಿದೆ. ಕನ್ನಡ ಪಾಠ ಮಾಡುವಾಗಲೂ ನೆನಪಾಗುತ್ತದೆ.

ಫ್ಯೂಸಿನ ಹಿಂದಿರುವ ವಿಚಾರ ಬಹಳ ಸರಳ. ತಂತಿಯಲ್ಲಿ ಕರೆಂಟು ಹರಿದರೆ ಬಿಸಿಯಾಗುತ್ತದೆ. ಎಷ್ಟು ಬಿಸಿ ಎಂಬ ಲೆಕ್ಕವನ್ನು 1841ರಲ್ಲಿ ಜೇಮ್ಸ್ ಜೌಲ್ ಎಂಬ ಇಂಗ್ಲೆಂಡಿನವನು ಕೊಟ್ಟ. ಅವನ ಮನೆತನದ್ದು ಬಿಯರ್ ತಯಾರಿಸುವ ಕಸುಬು. ಕರೆಂಟು ಎರಡರಷ್ಟಾದರೆ ಬಿಸಿ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ಹೊರೆ ಸ್ವಲ್ಪ ಹೆಚ್ಚಾಯಿತು ಎಂದು ನಮಗೆ ತೋರುವಾಗ ಒಳಗಿನ ಸಂಕಟ ಅದಕ್ಕಿಂತ ಬಹಳ ಮುಂದೆ ಹೋಗಿರುತ್ತದೆ. ಗೋಡೆಯೊಳಗೆ ಮರೆಯಾಗಿರುವ ವೈರು ಹೀಗೆ ಕಾದು ಅದರ ಮೇಲಿನ ಹೊದಿಕೆ ಕರಗುವುದಕ್ಕೆ ಮೊದಲು, ಕಣ್ಣಿಗೆ ಕಾಣುವ ಒಂದು ಜಾಗದಲ್ಲಿ, ಪಿಂಗಾಣಿ ಹಿಡಿಕೆಯ ನಡುವೆ, ಬೇಕೆಂದೇ ಒಂದು ಸಪೂರ ಎಳೆಯನ್ನು ಇಟ್ಟಿರುತ್ತಾರೆ. ಇಡೀ ದಾರಿಯಲ್ಲಿ ಅದೇ ಎಲ್ಲಕ್ಕಿಂತ ದುರ್ಬಲ. ಮೊದಲು ಸೋಲುವುದು ಅದರ ಧರ್ಮ. ಅದು ಸೋಲುವುದರಿಂದ ಮನೆ ಉಳಿಯುತ್ತದೆ.

ಜೋಗದಲ್ಲಿ 1948ರಲ್ಲಿಯೇ ವಿದ್ಯುತ್ ಉತ್ಪಾದನೆ ಶುರುವಾದರೂ ಅಲ್ಲಿಂದ ಇಪ್ಪತ್ತು ಮೈಲಿಯ ನಮ್ಮ ಹಳ್ಳಿಗೆ ಕರೆಂಟು ಬಂದದ್ದು ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ. ದೀಪದ ಕೆಳಗೇ ಕತ್ತಲೆ ಎನ್ನುವುದು ನಮ್ಮ ಕಡೆಯವರಿಗೆ ಬರೀ ಗಾದೆಯಲ್ಲ. ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ವೈರು, ಜಗಲಿಗೊಂದು ಬಲ್ಬು, ಅಡಿಗೆಮನೆಗೊಂದು, ದೇವರ ಕೋಣೆಗೊಂದು. ದೀಪ ಫ್ಯಾನುಗಳ ಒಂದು ಸರ್ಕ್ಯೂಟಿಗೆ ಹತ್ತು ಪಾಯಿಂಟು, 800 ವ್ಯಾಟು ಎಂಬುದು ವೈರಿಂಗಿನ ಹಳೆಯ ಲೆಕ್ಕ. ನಮ್ಮದು ಅದರ ಕಾಲು ಭಾಗವೂ ಇರಲಿಲ್ಲ. ಆಮೇಲೆ ಇಸ್ತ್ರಿಪೆಟ್ಟಿಗೆ ಬಂತು, ಮಿಕ್ಸಿ ಬಂತು, ನೀರು ಕಾಯಿಸುವ ಸರಳು ಬಂತು. ವೈರು ಮಾತ್ರ ಅದೇ. ಫ್ಯೂಸು ಹೋಗತೊಡಗಿತು.

ಆಗ ಊರಿನಲ್ಲಿ ಫ್ಯೂಸು ಕಟ್ಟುವುದರಲ್ಲಿ ಹೆಸರಾದ ಹಿರಿಯರೊಬ್ಬರಿದ್ದರು. ಅವರು ಕಟ್ಟಿಕೊಟ್ಟ ಫ್ಯೂಸು ಹೋಗುವುದೇ ಇಲ್ಲ ಎಂಬುದು ಅವರ ಕೀರ್ತಿ. ಗುಟ್ಟು ಏನೆಂದರೆ, ಒಂದು ಸಪೂರ ಎಳೆ ಹಾಕಬೇಕಾದಲ್ಲಿ ಅವರು ತಾಮ್ರದ ತಂತಿಯನ್ನು ಮೂರು ಮಡಿಕೆ ಹೊಸೆದು ಬಿಗಿಯುತ್ತಿದ್ದರು. "ಇನ್ನು ಹತ್ತು ವರ್ಷ ನೋಡೋ ಹಾಗಿಲ್ಲ" ಎಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ಅವರ ಮೇಲೆ ಎಲ್ಲರಿಗೂ ಗೌರವ. ಕೆಲವು ಮನೆಗಳಲ್ಲಿ ಮರದ ಪಟ್ಟಿ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಒಂದು ಮನೆಯಲ್ಲಿ ಅಟ್ಟದ ಮೇಲೆ ಹುಲ್ಲಿನ ಹೊರೆಯ ಪಕ್ಕದಲ್ಲಿ ಹೊಗೆಯಾಡಿ, ಪುಣ್ಯಕ್ಕೆ ಹಗಲು ಹೊತ್ತಾಗಿದ್ದರಿಂದ ನಾಲ್ಕು ಕೊಡ ನೀರಿನಲ್ಲಿ ಮುಗಿಯಿತು. ಆ ಮನೆಯ ಫ್ಯೂಸು ಅಂದೂ ಹೋಗಿರಲಿಲ್ಲ.

ಹೋಗದಿರುವ ಫ್ಯೂಸನ್ನು ನಾವು ಯಾಕೆ ಒಳ್ಳೆಯ ಫ್ಯೂಸು ಎನ್ನುತ್ತೇವೆ? ನನ್ನ ಪ್ರಶ್ನೆ ಇರುವುದು ಇಲ್ಲಿ. ನಮ್ಮ ನೀತಿಪಾಠಗಳಲ್ಲಿ ಸಹನೆಗೆ ದೊಡ್ಡ ಜಾಗವಿದೆ. ಅದರಲ್ಲೂ ಹೆಣ್ಣುಮಕ್ಕಳಿಗೆ ಹೇಳುವ ಪಾಠದಲ್ಲಿ ಅದಕ್ಕೇ ಮೊದಲ ಜಾಗ. ಎಷ್ಟು ಹೊರೆ ಬಿದ್ದರೂ ಕಡಿದುಕೊಳ್ಳದವಳು ಉತ್ತಮಳು, ಒಂದು ಮಾತು ಎದುರಾಡಿದವಳು ಜಗಳಗಂಟಿ. ಹೊರೆ ಎಷ್ಟಿತ್ತು, ಯಾಕಿತ್ತು, ಯಾರು ಹಾಕಿದರು ಎಂದು ಕೇಳುವ ಪದ್ಧತಿಯಿಲ್ಲ.

ನನ್ನ ದೊಡ್ಡಮ್ಮ ಭೂಮಿತೂಕದ ಹೆಂಗಸು ಎಂದು ಹೆಸರಾದವರು. ಹದಿನಾಲ್ಕು ಜನರ ಮನೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಆಳುಕಾಳು ಸೇರಿ ಮೂವತ್ತು ಎಲೆ. ಬೆಳಗಿನ ನಾಲ್ಕಕ್ಕೆ ಎದ್ದರೆ ರಾತ್ರಿ ಹತ್ತರ ತನಕ ಅವರು ಕೂತದ್ದನ್ನು ನಾನು ನೋಡಿಲ್ಲ. ಹೊಟ್ಟೆಯಲ್ಲಿ ನೋವು ಶುರುವಾಗಿ ಎರಡು ವರ್ಷವಾಗಿತ್ತಂತೆ. ಇಟ್ಟಿಗೆ ಚೂರನ್ನು ಒಲೆಯಲ್ಲಿ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಒತ್ತಿಕೊಂಡು ಮತ್ತೆ ಕೆಲಸಕ್ಕೆ ಏಳುತ್ತಿದ್ದರಂತೆ. ಅಂತೆ ಎಂದೇ ಹೇಳಬೇಕು, ಏಕೆಂದರೆ ನಮಗೆ ಯಾರಿಗೂ ಗೊತ್ತಿರಲಿಲ್ಲ. 1993ರಲ್ಲಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ದೊಡ್ಡಪ್ಪನ ಕಡೆ ತಿರುಗಿ, "ಇಷ್ಟು ದಿನ ಎಲ್ಲಿದ್ರಿ ನೀವೆಲ್ಲ?" ಎಂದು ಕೇಳಿದರು. ಹನ್ನೊಂದು ವಾರ ಬದುಕಿದ್ದರು. ಹದಿಮೂರನೆಯ ದಿನ ಊಟಕ್ಕೆ ಬಂದವರೆಲ್ಲ ಒಂದೇ ಮಾತು: "ಒಂದು ದಿನ ಗೊಣಗಿದ್ದು ಕೇಳಿಲ್ಲ ನೋಡಿ, ಅಂಥಾ ಜೀವ." ಹೊಗಳಿಕೆಯೆಂದೇ ಆಡಿದ ಮಾತು. ಬಡಿಸುತ್ತಿದ್ದ ನನಗೆ ಮಾತ್ರ ಅದು ದಪ್ಪ ತಂತಿ ಬಿಗಿದು ಕಾಫಿ ಕುಡಿದು ಹೋದವರ ಮಾತಿನ ಹಾಗೆ ಕೇಳಿಸಿತು. ನೋವು ದೇಹದ ಫ್ಯೂಸಲ್ಲವೇ? ದೊಡ್ಡಮ್ಮನ ದೇಹ ಎರಡು ವರ್ಷ ಮೊದಲೇ ಸುದ್ದಿ ಕೊಟ್ಟಿತ್ತು. ಸುದ್ದಿಯನ್ನು ನುಂಗಿಕೊಳ್ಳುವುದನ್ನು ಅವರಿಗೆ ಎಂಟು ವರ್ಷದಿಂದ ಕಲಿಸಿದವರು ನಾವು, ಅಂದರೆ ನಮ್ಮಂಥ ಮನೆಗಳು.

ಹಾಗಾದರೆ ಹೊರೆ ಬಿದ್ದೊಡನೆ ಕಡಿದುಕೊಳ್ಳುವುದೇ ಸರಿಯೇ ಎಂದು ಕೇಳಬಹುದು. ಇಲ್ಲ. ಮೋಟಾರು ಚಾಲೂ ಆಗುವ ಆ ಒಂದು ಗಳಿಗೆ ಮಾಮೂಲಿಗಿಂತ ಹೆಚ್ಚು ಕರೆಂಟು ಎಳೆಯುತ್ತದೆ. ಅಷ್ಟಕ್ಕೆ ಹೋಗುವ ಫ್ಯೂಸನ್ನು ಕಟ್ಟಿಕೊಂಡು ಸಂಸಾರ ಸಾಗುವುದಿಲ್ಲ. ಬಾಗಿಲು ಕಿರುಗುಟ್ಟಿದರೂ ಸಿಡುಕುವ ಮೇಷ್ಟರನ್ನು ನಾನು ಕಂಡಿದ್ದೇನೆ; ಮಕ್ಕಳು ಅವರ ಸಿಟ್ಟಿಗೆ ಬೆಲೆ ಕೊಡುವುದನ್ನೇ ಬಿಟ್ಟಿದ್ದರು. ದೀಪಕ್ಕೆ 5 ಆಂಪಿಯರಿನ ಎಳೆ, ನೀರು ಕಾಯಿಸುವುದಕ್ಕೆ 15ರದ್ದು ಎಂದು ಬೇರೆಬೇರೆ ಮಾಡಿರುವುದು ಇದಕ್ಕೇ. ತಾನು ಕಾಯಬೇಕಾದ ವೈರು ತಾಳುವುದಕ್ಕಿಂತ ಸ್ವಲ್ಪ ಕಡಿಮೆ ತಾಳಬೇಕು, ಅಷ್ಟೆ.

ಇನ್ನೊಂದು ನಮೂನೆಯ ಮನೆಯಿದೆ. ಅಲ್ಲಿ ಫ್ಯೂಸು ಹೋದಾಗ ಯಾರೂ ದಪ್ಪ ತಂತಿ ಹಾಕುವುದಿಲ್ಲ, ನಿಯಮದಂತೆ ಸರಿಯಾದ ಎಳೆಯನ್ನೇ ಹಾಕುತ್ತಾರೆ. ಅದು ಹೋದರೆ ಇನ್ನೊಂದು, ಅದೂ ಹೋದರೆ ಮತ್ತೊಂದು. ಎಳೆಗೇನು, ಅಂಗಡಿಯಲ್ಲಿ ಸುರುಳಿ ಸಿಗುತ್ತದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಯಾವ ಕೆಲಸದವಳೂ ಮೂರು ತಿಂಗಳು ನಿಲ್ಲುವುದಿಲ್ಲ. ಯಜಮಾನಿತಿ ಸಿಕ್ಕಿದಾಗಲೆಲ್ಲ, "ಈಗಿನವರಿಗೆ ನಿಯತ್ತೇ ಇಲ್ಲ ಟೀಚರೇ" ಎಂದು ಬೇಸರ ಪಡುತ್ತಾರೆ. ಆರು ಮಂದಿ ಬಿಟ್ಟು ಹೋದ ಮೇಲೆ ಏಳನೆಯವಳನ್ನು ಹುಡುಕುತ್ತಿದ್ದರು. ಒಂದು ಜಾಗದ ಫ್ಯೂಸು ಆರು ಸಲ ಹೋದರೆ ವೈರಿಂಗಿನ ಹುಡುಗ ಫ್ಯೂಸನ್ನು ನೋಡುವುದಿಲ್ಲ. ಆ ಲೈನಿನಲ್ಲಿರುವುದನ್ನೆಲ್ಲ ಕಳಚಿ, ಒಂದೊಂದಾಗಿ ಮತ್ತೆ ಸಿಕ್ಕಿಸಿ, ಯಾವುದನ್ನು ಸಿಕ್ಕಿಸಿದಾಗ ಹೋಗುತ್ತದೆ ಎಂದು ನೋಡುತ್ತಾನೆ. ಮನುಷ್ಯರ ವಿಷಯದಲ್ಲಿ ನಮಗೆ ಅಷ್ಟು ವ್ಯವಧಾನವಿಲ್ಲ.

ಕೆಲವು ದೋಷಗಳಿಗೆ ಇಷ್ಟೆಲ್ಲ ಜಿಜ್ಞಾಸೆ ಬೇಕಾಗಿಯೂ ಇಲ್ಲವೆನ್ನಿ. ಫ್ಯಾನು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ, ಕೈಯಲ್ಲಿ ನೂಕಿದರೆ ತಿರುಗುತ್ತದೆ ಎಂದರೆ ಬಹುಪಾಲು ಅದರ ಕೆಪಾಸಿಟರು ಸೋತಿರುತ್ತದೆ. ಟ್ಯೂಬ್‌ಲೈಟು ಮಿಣಮಿಣ ಎಂದು ಹತ್ತದೆ ಆರದೆ ಸತಾಯಿಸಿದರೆ ಸ್ಟಾರ್ಟರು, ಇಲ್ಲವೇ ತುದಿ ಕಪ್ಪಾದ ಟ್ಯೂಬು, ಇಲ್ಲವೇ ಸಂಜೆಯ ಬಡಪಾಯಿ ವೋಲ್ಟೇಜು. ಸ್ವಿಚ್ಚು ಆರಿಸಿದ ಮೇಲೂ ಎಲ್ಇಡಿ ಬಲ್ಬು ಕತ್ತಲಲ್ಲಿ ಮಿಂಚುಹುಳದ ಹಾಗೆ ಬೆಳಗುತ್ತಿದ್ದರೆ ದೆವ್ವವೇನಲ್ಲ. ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್ಲಿಗೆ ಹಾಕಿರಬಹುದು, ಅಥವಾ ಸ್ವಿಚ್ಚಿನಲ್ಲೇ ಪುಟ್ಟ ಸೂಚಕ ದೀಪ ಇರಬಹುದು. ಮೊದಲನೆಯದಾದರೆ ಸರಿಮಾಡಿಸುವುದು ಲೇಸು, ಬಲ್ಬು ಬದಲಿಸುವವರು ಆರಿದೆ ಎಂದು ನಂಬಿ ಕೈ ಹಾಕುತ್ತಾರೆ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಫ್ಯೂಸಿಗೆ ತಿಳಿಯದ ದೋಷ. ಗೀಸರಿನ ಪ್ಲಗ್ಗು ಇರುತ್ತದಲ್ಲ, 3000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರು ಎಳೆಯುತ್ತದೆ. ಅದು ನ್ಯಾಯವಾದ ಎಳೆತ, ಫ್ಯೂಸಿನ ಮಿತಿಯೊಳಗೇ ಇದೆ. ಆದರೆ ಪ್ಲಗ್ಗಿನ ಪಿನ್ನು ಸಾಕೆಟ್ಟಿನೊಳಗೆ ಬಿಗಿಯಾಗಿ ಕೂರದೆ ಸಡಿಲವಾಗಿದ್ದರೆ ಆ ಸಣ್ಣ ಸಂದಿನಲ್ಲಿ ಬಿಸಿ ಹುಟ್ಟುತ್ತದೆ. ಬಿಸಿಗೆ ಲೋಹದ ಮೇಲ್ಮೈ ಕೆಡುತ್ತದೆ, ಕೆಟ್ಟದ್ದರಿಂದ ಇನ್ನೂ ಬಿಸಿ. ಹರಿಯುವ ಕರೆಂಟು ಮಾತ್ರ ಎಳ್ಳಷ್ಟೂ ಹೆಚ್ಚಾಗುವುದಿಲ್ಲ. ಹಾಗಾಗಿ ಫ್ಯೂಸು ಎಲ್ಲ ಸರಿಯಿದೆ ಎಂದುಕೊಂಡು ಕೂತಿರುತ್ತದೆ. ಸಾಕೆಟ್ಟು ಮೊದಲು ಹಳದಿಯಾಗುತ್ತದೆ, ಆಮೇಲೆ ಕಂದು, ಒಂದು ದಿನ ಮೀನು ಸುಟ್ಟ ಹಾಗೆ ಒಂದು ವಾಸನೆ. ನಮ್ಮ ಹಾಗೆ ಮೀನು ತಿನ್ನದ ಮನೆಯವರಿಗೆ ಅದು ಬೇಗ ತಿಳಿಯುತ್ತದೆ ಎಂದು ಆ ಹುಡುಗ ತಮಾಷೆ ಮಾಡಿದ್ದ. ಅತಿಯಾದದ್ದನ್ನು ಹಿಡಿಯುವುದು ಸುಲಭ. ಸಡಿಲವಾದದ್ದನ್ನು ಹಿಡಿಯುವುದು ಕಷ್ಟ. ಕೂಗಾಟವಿಲ್ಲ, ಪೆಟ್ಟಿಲ್ಲ, ಪಂಚಾಯ್ತಿಗೆ ಹೇಳುವಂಥದ್ದು ಏನೂ ಇಲ್ಲ ಎನ್ನುವ ಮನೆಗಳಲ್ಲೂ ಹೀಗೆ ಕಂದುಗಟ್ಟಿದ ಸಂದುಗಳಿರುತ್ತವೆ. ತರಗತಿಯಲ್ಲಿಯೂ ಅಷ್ಟೆ. ಗಲಾಟೆ ಮಾಡುವ ಹುಡುಗನ ತೊಂದರೆ ನಮಗೆ ಮೊದಲ ದಿನವೇ ಗೊತ್ತಾಗುತ್ತದೆ. ಕೊನೆಯ ಬೆಂಚಿನ ಮೂಲೆಯಲ್ಲಿ ಸದ್ದಿಲ್ಲದೆ ಕೂತು, ಹಾಜರಿ ಕರೆದಾಗ ಮಾತ್ರ "ಎಸ್ ಟೀಚರ್" ಎನ್ನುವ ಹುಡುಗಿಯದು ಗೊತ್ತಾಗಬೇಕಾದರೆ ಹತ್ತಿರ ಹೋಗಿ ನಿಲ್ಲಬೇಕು. ಅಲ್ಲಿ ಮೂಗನ್ನು ಬಿಟ್ಟರೆ ಬೇರೆ ಉಪಕರಣವಿಲ್ಲ.

ನ್ಯೂಟ್ರಲ್ ಕಡಿಯುವುದು ಇದಕ್ಕಿಂತಲೂ ವಿಚಿತ್ರ. ಕಂಬದ ಮೇಲೆ ಮೂರು ಫೇಸಿನ ತಂತಿಗಳು, ಕರೆಂಟು ಮರಳುವುದಕ್ಕೆ ಒಂದು ನ್ಯೂಟ್ರಲ್ ತಂತಿ. ಟೆಸ್ಟರು ಮುಟ್ಟಿಸಿದರೆ ಫೇಸಿನಲ್ಲಿ ಮಿನುಗುತ್ತದೆ, ನ್ಯೂಟ್ರಲ್ಲಿನಲ್ಲಿ ಮಿನುಗುವುದಿಲ್ಲ. ಅದಕ್ಕೇ ಅದು ಇದೆಯೆಂಬುದನ್ನೇ ಜನ ಮರೆತಿರುತ್ತಾರೆ. ಗಾಳಿಗೆ ಕೊಂಬೆ ಬಿದ್ದು ಅದೊಂದೇ ಕಡಿಯಿತೆನ್ನಿ. ಆಗ ಒಂದು ಫೇಸಿನ ಮನೆಗಳೂ ಇನ್ನೊಂದು ಫೇಸಿನ ಮನೆಗಳೂ ಒಂದರ ಹಿಂದೆ ಒಂದು ಪೋಣಿಸಿದಂತಾಗಿ ಎರಡು ಫೇಸುಗಳ ನಡುವಿನ ಸುಮಾರು 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಹಂಚಿಕೆ ಸಮನಾಗಿ ಆಗುವುದಿಲ್ಲ. ಗೀಸರು, ಪಂಪು, ಫ್ರಿಜ್ಜು ಎಲ್ಲ ಓಡುತ್ತಿರುವ ಕಡೆ ವೋಲ್ಟೇಜು ಕುಸಿದು ದೀಪ ಮಂಕಾಗುತ್ತದೆ. ಒಂದು ಬಲ್ಬು, ಒಂದು ಟಿ.ವಿ. ಇರುವ ಕಡೆಗೆ 300ಕ್ಕೂ ಮೀರಿ ನುಗ್ಗಿ ಅವೆರಡೂ ಸುಟ್ಟುಹೋಗುತ್ತವೆ. ನಮ್ಮ ಕೇರಿಯಲ್ಲಿ ಒಂದು ಮಳೆಗಾಲದ ಸಂಜೆ ಹೀಗಾದಾಗ ದೊಡ್ಡ ಮನೆಗಳಲ್ಲಿ "ವೋಲ್ಟೇಜ್ ಇಲ್ಲ" ಎಂದು ಗೊಣಗುತ್ತಿದ್ದರು, ಕೂಲಿ ಮಾಡುವವರ ಎರಡು ಮನೆಗಳಲ್ಲಿ ಕಂತಿನ ಮೇಲೆ ತಂದ ಟಿ.ವಿ. ಹೊಗೆ ಕಾರುತ್ತಿತ್ತು. ಅತಿ ಕಡಿಮೆ ಬಳಸಿದವರಿಗೆ ಅತಿ ಹೆಚ್ಚು ನಷ್ಟ. ಬೆಳಿಗ್ಗೆ ಒಬ್ಬರು, "ಅವರಿಗೆ ಟಿ.ವಿ. ಇಟ್ಟುಕೊಳ್ಳೋದು ಗೊತ್ತಿಲ್ಲ" ಎಂದರು. ಆ ಮಾತಿಗೆ ನಾನು ಬೀದಿಯಲ್ಲಿಯೇ ನಿಂತು ಉತ್ತರ ಕೊಟ್ಟೆ, ಕಂಬ ತೋರಿಸಿ, ಲೆಕ್ಕ ಸಮೇತ. ಸಮಾಜ ವಿಷಯದ ಪಾಠವನ್ನು ಅಷ್ಟು ಚೆನ್ನಾಗಿ ನಾನು ತರಗತಿಯಲ್ಲಿ ಮಾಡಿದ ನೆನಪಿಲ್ಲ.

ಹೋಲಿಕೆಯನ್ನು ಹೆಚ್ಚು ಎಳೆಯಬಾರದು ಎಂಬುದನ್ನು ನನಗೆ ಕಲಿಸಿದವಳು ಏಳನೆಯ ತರಗತಿಯ ಒಬ್ಬಳು ಹುಡುಗಿ. ನಾಲ್ಕು ಟಾರ್ಚಿನ ಸೆಲ್ಲು ಜೋಡಿಸಿ, ಉಕ್ಕಿನ ನಾರಿನ ಒಂದು ಎಳೆಯನ್ನು ನಡುವೆ ಕಟ್ಟಿ ತೋರಿಸುತ್ತಿದ್ದೆ. ಎಳೆ ಕೆಂಪಗಾಗಿ ಉರಿದು ತುಂಡಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಉತ್ಸಾಹದಲ್ಲಿ ಫ್ಯೂಸಿನ ತ್ಯಾಗದ ಬಗ್ಗೆ ನಾಲ್ಕು ಮಾತು ಹೇಳಿದೆ. ಅವಳು ಎದ್ದು ನಿಂತು, "ಟೀಚರ್, ಮನೆ ಉಳೀತು ಸರಿ, ಅದಕ್ಕೇನು ಸಿಕ್ತು?" ಎಂದು ಕೇಳಿದಳು.

ಅವಳ ಅಕ್ಕನನ್ನು ಒಂಬತ್ತಕ್ಕೇ ಶಾಲೆ ಬಿಡಿಸಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಇಟ್ಟುಕೊಂಡಿದ್ದರು. ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಸಹಿಸುವವರನ್ನು ಹೊಗಳುವುದು ಎಷ್ಟು ಸುಲಭವೋ ಉರಿದುಹೋಗುವವರನ್ನು ಹೊಗಳುವುದೂ ಅಷ್ಟೇ ಸುಲಭ. ಎರಡರಲ್ಲೂ ಹೊರೆ ಹಾಕಿದವರಿಗೆ ಖರ್ಚಿಲ್ಲ. ನಾನು ಅವಳಿಗೆ ಆ ದಿನ ಎಂ.ಸಿ.ಬಿ.ಯ ಬಗ್ಗೆ ಹೇಳಿದೆ. ಈಗಿನ ಮನೆಗಳಲ್ಲಿ ಇರುವುದು ಅದೇ. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿದೆ, ಹೊರೆ ಹೆಚ್ಚಾದರೆ ಕಾದು ಬಾಗುತ್ತದೆ. ತಂತಿ ತಂತಿ ತಾಗಿ ಒಮ್ಮೆಲೇ ಕರೆಂಟು ನುಗ್ಗಿದರೆ ಬೇರೊಂದು ಸುರುಳಿ ಅಯಸ್ಕಾಂತವಾಗಿ ಎಳೆಯುತ್ತದೆ. ಯಾವುದಾದರೂ ಸರಿ, ಟಕ್ ಎಂದು ಕೆಳಗೆ ಬೀಳುತ್ತದೆ. ಉರಿಯುವುದಿಲ್ಲ. ಕಾರಣ ಹುಡುಕಿ ಸರಿಮಾಡಿ ಮೇಲಕ್ಕೆತ್ತಿದರೆ ಮತ್ತೆ ಕೆಲಸ ಶುರು. "ಆಗಲ್ಲ" ಎಂದು ಹೇಳುವುದಕ್ಕೆ ಸಾಯಬೇಕಾಗಿಲ್ಲ ಎಂಬ ವ್ಯವಸ್ಥೆ ಅದು. ಗುಂಡಿಯನ್ನು ಬೆರಳಿನಿಂದ ಮೇಲೆ ಒತ್ತಿ ಹಿಡಿದರೂ ದೋಷವಿದ್ದರೆ ಒಳಗೆ ಅದು ಕಡಿದುಕೊಳ್ಳುತ್ತದೆ, ಬಲವಂತಕ್ಕೆ ಜಗ್ಗುವುದಿಲ್ಲ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಇದು ಪರವಾಗಿಲ್ಲ" ಎಂದಳು.

ಜನ ಇದಕ್ಕೂ ಉಪಾಯ ಕಂಡುಕೊಂಡಿದ್ದಾರೆ. ಕಳೆದ ಆಷಾಢದಲ್ಲಿ ನಮ್ಮ ಮನೆಯ ಹಿಂಬದಿಯ ಲೈನು ಮಳೆ ಜೋರಾದಾಗಲೆಲ್ಲ ಬೀಳುತ್ತಿತ್ತು. ಹುಡುಗನ ಜೊತೆ ಕೆಲಸ ಕಲಿಯುತ್ತಿದ್ದ ಇನ್ನೊಬ್ಬ, "ಅಮ್ಮಾ, ಇದು 16ರದ್ದು. 32ರದ್ದು ಹಾಕಿಬಿಡ್ತೀನಿ, ಮತ್ತೆ ಬೀಳಲ್ಲ" ಎಂದ. ಒಳಗಿನ ವೈರು 32ನ್ನು ತಾಳುವಂಥದ್ದಲ್ಲ. "ಬೀಳದೇ ಇರೋ ಹಾಗೆ ಮಾಡೋದು ಬೇಡ ತಮ್ಮಾ, ಯಾಕೆ ಬೀಳ್ತಿದೆ ಅಂತ ನೋಡು" ಎಂದೆ. ನನ್ನ ಶಿಷ್ಯ ನಗುತ್ತಾ ಅಟ್ಟಕ್ಕೆ ಏಣಿ ಇಟ್ಟ. ಅಡಿಕೆ ಚೀಲಗಳ ಹಿಂದೆ, ಹೆಂಚು ಸೋರುವ ಜಾಗದ ಕೆಳಗೆ, ಇಲಿ ಕಡಿದು ಗೇಣುದ್ದ ವೈರು ಬತ್ತಲೆಯಾಗಿತ್ತು. ಒದ್ದೆ ಗಳುವಿನ ಮೇಲೆ ಎರಡು ಎಳೆಗಳೂ ಮಲಗಿದ್ದವು. ಹೊಸ ತುಂಡು ಹಾಕಿ, ಕೊಳವೆಯೊಳಗೆ ಸೇರಿಸಿ, 16ರದ್ದನ್ನು ಹಾಗೆಯೇ ಬಿಟ್ಟು ಹೋದರು. ಹೆಂಚು ಬದಲಿಸಿಯಾಯಿತು. ಬೆಕ್ಕೊಂದನ್ನು ಸಾಕಬೇಕೆಂದು ಯಜಮಾನರು ಹೇಳುತ್ತಿದ್ದಾರೆ.